ನೆಲಗುಬ್ಬಿಯ ಲೆಕ್ಕ, ಬೀಳು ನೆಲದ ಲೆಕ್ಕ

ತುಮಕೂರಿನ ಅಂಚಿನಲ್ಲಿ, ಸತ್ಯಮಂಗಲದ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಾಗಲಿ ಗುಬ್ಬಿ, ಕುಣಿಗಲ್ ಕಡೆಯ ಬೆದ್ದಲು ಹೊಲಗಳಲ್ಲಾಗಲಿ, ಗರಸು ಮಣ್ಣಿನ ಬಯಲಲ್ಲಿ ನಡೆಯುವಾಗ ಕಾಲಬುಡದಿಂದಲೇ ಪುಟ್ಟ ಹಕ್ಕಿಯೊಂದು ಪುರ್ರನೆ ಎದ್ದು ಹತ್ತಾರು ಹೆಜ್ಜೆಯಾಚೆ ಇಳಿಯುವುದನ್ನು ಹಲವರು ಕಂಡಿರುತ್ತಾರೆ. ಇಳಿದದ್ದು ಎಲ್ಲಿ ಎಂದು ಹುಡುಕಿದರೆ ಸಿಗುವುದಿಲ್ಲ. ಅದು ಗಿಡದ ಮರೆಗೆ ಹೋಗಿರುವುದಿಲ್ಲ, ನಮ್ಮ ಕಣ್ಣೆದುರೇ ನೆಲಕ್ಕೆ ಅವುಚಿಕೊಂಡು ಕೂತಿರುತ್ತದೆ. ಇದು ನೆಲಗುಬ್ಬಿ. ಮನೆಗುಬ್ಬಿಗಿಂತ ತುಸು ಚಿಕ್ಕದು, 12-13 ಸೆಂಟಿಮೀಟರ್ ಉದ್ದ. ಹೆಸರಿನಲ್ಲಿ ಗುಬ್ಬಿ ಇದ್ದರೂ, ಕಾಳು ಒಡೆಯುವ ಗಿಡ್ಡ ಕೊಕ್ಕು ಇದ್ದರೂ, ವಿಜ್ಞಾನಿಗಳು ಇದನ್ನು ಸೇರಿಸುವುದು ‘ಲಾರ್ಕ್’ ಎಂಬ ಬೇರೆಯೇ ಕುಟುಂಬಕ್ಕೆ. ನೆಲದ ಮೇಲೆ ಬದುಕಿ, ಆಕಾಶದಲ್ಲಿ ಹಾಡುವ ಹಕ್ಕಿಗಳ ಕುಟುಂಬ ಅದು.

ಗಂಡನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ನೆತ್ತಿ ಬೂದಿ ಬಣ್ಣ, ಕೆನ್ನೆ ಬಿಳಿ, ಕಣ್ಣಿಗೆ ಅಡ್ಡವಾಗಿ ಕಪ್ಪು ಪಟ್ಟಿ, ಗಲ್ಲದಿಂದ ಹೊಟ್ಟೆಯವರೆಗೂ ಅಚ್ಚ ಕಪ್ಪು. ಹೆಚ್ಚಿನ ಹಕ್ಕಿಗಳ ಬೆನ್ನು ಗಾಢವಾಗಿದ್ದು ಹೊಟ್ಟೆ ತೆಳುಬಣ್ಣದ್ದಾಗಿರುತ್ತದೆ. ಇಲ್ಲಿ ಅದು ತಿರುಗುಮುರುಗು. ಮೇಲಿನಿಂದ ನೋಡುವ ಗಿಡುಗನಿಗೆ ಮಣ್ಣಿನ ಬಣ್ಣದ ಬೆನ್ನಷ್ಟೇ ಕಾಣುತ್ತದೆ, ಹಾರಿದಾಗ ಕೆಳಗಿರುವ ಹೆಣ್ಣಿಗೆ ಕಪ್ಪು ಹೊಟ್ಟೆ ಎದ್ದು ಕಾಣುತ್ತದೆ. ಹೆಣ್ಣಿಗೆ ಮೈಯೆಲ್ಲ ಮಣ್ಣಿನದೇ ಬಣ್ಣ. ಗೂಡಿನ ಮೇಲೆ ಗಂಟೆಗಟ್ಟಲೆ ಅಲುಗದೆ ಕೂರಬೇಕಾದವಳಿಗೆ ಅದೇ ರಕ್ಷೆ.

ಗಂಡಿನ ಹಾರಾಟವನ್ನು ನಿಂತು ನೋಡಬೇಕು. ರೆಕ್ಕೆ ಬಡಿಯುತ್ತಾ ಎರಡು ಮೂರು ಮಹಡಿ ಎತ್ತರಕ್ಕೆ, ಕೆಲವೊಮ್ಮೆ ಇನ್ನೂ ಮೇಲಕ್ಕೆ ಏರುತ್ತದೆ. ಅಲ್ಲಿಂದ ರೆಕ್ಕೆ ಮುಚ್ಚಿ ತಲೆಕೆಳಗಾಗಿ ಬೀಳುತ್ತದೆ. ಬೀಳುವಾಗ ಎಳೆದ ಸಿಳ್ಳೆಯಂಥ ದನಿ. ಇನ್ನೇನು ನೆಲಕ್ಕೆ ಬಡಿಯಿತು ಅನ್ನುವಷ್ಟರಲ್ಲಿ ರೆಕ್ಕೆ ಬಿಚ್ಚಿ, ಬಿದ್ದ ವೇಗದಲ್ಲೇ ಮತ್ತೆ ಮೇಲಕ್ಕೆ. ಹೀಗೆ ಹಲವು ಸಲ ಬಿದ್ದು ಎದ್ದು, ಕೊನೆಗೆ ಉತ್ತ ಹೊಲದ ಒಂದು ಹೆಂಟೆಯ ಮೇಲೆ ಬಂದು ಕೂರುತ್ತದೆ. ಮರ ಏರಿ ಹಾಡುವ ಹಕ್ಕಿಗೆ ಕೊಂಬೆಯೇ ವೇದಿಕೆ. ಮರವಿಲ್ಲದ ಬಯಲಿನ ಹಕ್ಕಿಗೆ ದೂರದವರೆಗೆ ಕಾಣಿಸಿಕೊಳ್ಳಲು, ಕೇಳಿಸಿಕೊಳ್ಳಲು ಆಕಾಶವೊಂದೇ ದಾರಿ. ಸುತ್ತಲೂ ಮರ, ಕಟ್ಟಡ ಬೆಳೆದರೆ ಈ ಹಾರಾಟಕ್ಕೆ ಅರ್ಥವೇ ಉಳಿಯುವುದಿಲ್ಲ ಎಂಬುದನ್ನು ನೆನಪಿಡಬೇಕು. ಮುಂದೆ ಹೇಳುವ ವಿಷಯಕ್ಕೆ ಇದು ಬೇಕಾಗುತ್ತದೆ.

ಗೂಡು ಎಂದರೆ ನೆಲದಲ್ಲಿ ಒಂದು ಸಣ್ಣ ಕುಳಿ. ಹುಲ್ಲಿನ ಬುಡದಲ್ಲೋ ಹೆಂಟೆಯ ಪಕ್ಕದಲ್ಲೋ ಇರುತ್ತದೆ. ಒಳಗೆ ಹುಲ್ಲೆಸಳು, ಕೂದಲಿನ ಮೆತ್ತೆ. ಅಂಚಿಗೆ ಎಷ್ಟೋ ಸಲ ಸಣ್ಣ ಸಣ್ಣ ಕಲ್ಲುಗಳನ್ನು ಜೋಡಿಸಿರುತ್ತದೆ. ಎರಡೋ ಮೂರೋ ಮೊಟ್ಟೆ, ಮಾಸಲು ಬಣ್ಣದ ಮೇಲೆ ಕಂದು ಚುಕ್ಕೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಸುಮಾರು ಎರಡು ವಾರದಲ್ಲಿ ಮರಿ ಹೊರಬರುತ್ತದೆ. ದೊಡ್ಡವು ಹುಲ್ಲಿನ ಬೀಜ ತಿಂದುಕೊಂಡಿದ್ದರೂ ಮರಿಗೆ ಹುಳುಹುಪ್ಪಟೆಯೇ ಆಗಬೇಕು. ಮೈ ಬೆಳೆಯಲು ಬೇಕಾದ ಪ್ರೋಟೀನು ಕಾಳಿನಲ್ಲಿ ಸಾಲದು. ಹೀಗಾಗಿ ಈ ಹಕ್ಕಿಗೆ ಬೇಕಾದ ಜಾಗ ಬಹಳ ನಿರ್ದಿಷ್ಟವಾದದ್ದು. ಅಡಗಲು ಸ್ವಲ್ಪ ಹುಲ್ಲು, ಓಡಾಡಲು ಸ್ವಲ್ಪ ಬೋಳು ನೆಲ, ಕಾಳು ಮತ್ತು ಹುಳು ಎರಡೂ ಸಿಗುವ ಮಣ್ಣು, ಎರಡು ಮೂರು ವಾರ ಟ್ರ್ಯಾಕ್ಟರು ಹಾಯದ ಒಂದು ಮೂಲೆ. ಹುಲ್ಲು ಆಳೆತ್ತರ ಬೆಳೆದರೂ ಆಗದು, ಪೂರ್ತಿ ಬೋಳಾದರೂ ಆಗದು. ದನ ಕುರಿಗಳು ಹದವಾಗಿ ಮೇಯುವ ಬಯಲು ಸರಿಯಾಗಿ ಹೀಗೇ ಇರುತ್ತದೆ.

ಇನ್ನು ಇದರ ಸಂರಕ್ಷಣೆಯ ಸ್ಥಿತಿ. ನೆಲಗುಬ್ಬಿ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳ ಬಯಲುಗಳಲ್ಲಿದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, ಜಗತ್ತಿನ ಜೀವಿಗಳ ಅಪಾಯದ ಮಟ್ಟವನ್ನು ಅಳೆದು ‘ಕೆಂಪು ಪಟ್ಟಿ’ಯಲ್ಲಿ ಪ್ರಕಟಿಸುತ್ತದೆ. ಅದರಲ್ಲಿ ನೆಲಗುಬ್ಬಿ ಇರುವುದು ‘ಲೀಸ್ಟ್ ಕನ್ಸರ್ನ್’, ಎಂದರೆ ‘ಸದ್ಯಕ್ಕೆ ಆತಂಕವಿಲ್ಲ’ ಎಂಬ ಗುಂಪಿನಲ್ಲಿ. ಮನೆಗುಬ್ಬಿಯೂ ಇದೇ ಗುಂಪಿನದು. ಹಾಗಿದ್ದ ಮೇಲೆ ಚಿಂತೆ ಯಾಕೆ ಎಂದು ಕೇಳುವುದು ನ್ಯಾಯವೇ. ಉತ್ತರಕ್ಕೆ ಮೊದಲು ಆ ಪಟ್ಟಿ ಏನನ್ನು ಅಳೆಯುತ್ತದೆ ಎಂದು ತಿಳಿಯಬೇಕು.

ಒಂದು ಜೀವಿಯನ್ನು ‘ಅಪಾಯದ ಅಂಚಿನಲ್ಲಿದೆ’ ಎನ್ನಲು ಮುಖ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಅದು ಹರಡಿರುವ ಪ್ರದೇಶ 20,000 ಚದರ ಕಿಲೋಮೀಟರಿಗಿಂತ ಕಡಿಮೆಯಾಗಿ, ಅದೂ ಚೂರುಚೂರಾಗಿ ಕುಗ್ಗುತ್ತಿದೆಯೇ? ಮರಿ ಮಾಡುವ ವಯಸ್ಸಿನ ಹಕ್ಕಿಗಳು 10,000ಕ್ಕಿಂತ ಕಡಿಮೆಯಾಗಿ, ಇನ್ನೂ ಇಳಿಯುತ್ತಿವೆಯೇ? ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ದೀರ್ಘವಾದ ಅವಧಿಯಲ್ಲಿ ಸಂಖ್ಯೆ ನೂರಕ್ಕೆ 30ರಷ್ಟು ಕುಸಿದಿದೆಯೇ? ತುಮಕೂರು ಜಿಲ್ಲೆಯ ವಿಸ್ತೀರ್ಣ 10,597 ಚದರ ಕಿಲೋಮೀಟರ್. ಅಂದರೆ ಇಂಥ ಎರಡು ಜಿಲ್ಲೆಗಳಷ್ಟು ಜಾಗದೊಳಗೆ ಒಂದು ಹಕ್ಕಿ ಸೀಮಿತವಾದರೆ ಮಾತ್ರ ಮೊದಲ ಪ್ರಶ್ನೆ ಏಳುತ್ತದೆ. ಉಪಖಂಡದ ಉದ್ದಗಲಕ್ಕೂ ಇರುವ ನೆಲಗುಬ್ಬಿಗೆ ಮೊದಲೆರಡು ಪ್ರಶ್ನೆಗಳು ತಟ್ಟುವುದೇ ಇಲ್ಲ. ಉಳಿಯುವುದು ಮೂರನೆಯದು.

ಅದರಲ್ಲಿ ಒಂದು ಸೂಕ್ಷ್ಮವಿದೆ. ಯಾವುದೋ ಒಂದು ಹಕ್ಕಿ ವರ್ಷಕ್ಕೆ ನೂರಕ್ಕೆ ಎರಡರಂತೆ ಇಳಿಯುತ್ತಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಹತ್ತು ವರ್ಷದಲ್ಲಿ ಕಡಿಮೆಯಾಗುವುದು ಸುಮಾರು ನೂರಕ್ಕೆ 18. ಗಡಿ 30 ಆದ್ದರಿಂದ ಪಟ್ಟಿಯಲ್ಲಿ ಏನೂ ಬದಲಾಗದು. ಆದರೆ ಅದೇ ವೇಗದಲ್ಲಿ 35 ವರ್ಷ ಹೋದರೆ ಅರ್ಧಕ್ಕರ್ಧ ಹಕ್ಕಿಗಳು ಹೋಗಿರುತ್ತವೆ. ನಮ್ಮಲ್ಲಿ ಒಬ್ಬರು ಶಾಲೆಗೆ ಹೋಗುವಾಗ ಕಂಡದ್ದರಲ್ಲಿ ಅರ್ಧ ಮಾತ್ರ ಅವರ ಮಕ್ಕಳು ಕಾಲೇಜಿಗೆ ಹೋಗುವ ಹೊತ್ತಿಗೆ ಉಳಿದಿರುತ್ತದೆ. ಇದು ಪಟ್ಟಿಯ ದೋಷವಲ್ಲ. ತುರ್ತು ಚಿಕಿತ್ಸೆ ಬೇಕಾದವರನ್ನು ಮೊದಲು ಗುರುತಿಸುವುದು ಅದರ ಕೆಲಸ. ಸತ್ಯಮಂಗಲದ ಬಯಲಿನಲ್ಲಿ ಹಕ್ಕಿ ಉಳಿದಿದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕುವುದು ನಾವು ಮಾಡುವ ತಪ್ಪು.

ಸಾಮಾನ್ಯ ಹಕ್ಕಿಯೊಂದು ಎಷ್ಟು ಬೇಗ ಅಪರೂಪವಾಗಬಹುದು ಎಂಬುದಕ್ಕೆ ಏಷ್ಯಾದಲ್ಲೇ ಒಂದು ಉದಾಹರಣೆ ಇದೆ. ‘ಹಳದಿ ಎದೆಯ ಬಂಟಿಂಗ್’ ಎಂಬ, ಗುಬ್ಬಿಯಷ್ಟೇ ದೊಡ್ಡ ಹಕ್ಕಿ ಫಿನ್ಲೆಂಡಿನಿಂದ ಜಪಾನಿನವರೆಗೆ ಕೋಟ್ಯಂತರ ಸಂಖ್ಯೆಯಲ್ಲಿತ್ತು. ಚಳಿಗಾಲಕ್ಕೆ ನಮ್ಮ ಈಶಾನ್ಯ ರಾಜ್ಯಗಳಿಗೂ ಬರುತ್ತದೆ. ವಲಸೆಯ ದಾರಿಯಲ್ಲಿ, ಮುಖ್ಯವಾಗಿ ಚೀನಾದಲ್ಲಿ, ಊಟಕ್ಕಾಗಿ ಬಲೆ ಹಾಕಿ ಹಿಡಿದರು. 2004ರವರೆಗೂ ಇದು ‘ಆತಂಕವಿಲ್ಲ’ ಎಂಬ ಗುಂಪಿನಲ್ಲಿತ್ತು. 2017ರಲ್ಲಿ ‘ಅಳಿವಿನ ತೀವ್ರ ಅಂಚು’ ಎಂಬ ಗುಂಪಿಗೆ, ಎಂದರೆ ಕಾಡಿನಿಂದ ಕಣ್ಮರೆಯಾಗುವುದಕ್ಕೆ ಒಂದೇ ಮೆಟ್ಟಿಲು ಮೊದಲಿನ ಗುಂಪಿಗೆ ಬಂತು. ನಡುವೆ ಕಳೆದದ್ದು 13 ವರ್ಷ.

ನೆಲಗುಬ್ಬಿಯನ್ನು ಯಾರೂ ಹಾಗೆ ಬಲೆ ಹಾಕಿ ಹಿಡಿಯುತ್ತಿಲ್ಲ. ಅದರ ಕಥೆ ಅಮೆರಿಕ, ಇಂಗ್ಲೆಂಡುಗಳ ಹುಲ್ಲುಗಾವಲಿನ ಹಕ್ಕಿಗಳ ಕಥೆಗೆ ಹತ್ತಿರ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಉತ್ತರ ಅಮೆರಿಕದಲ್ಲಿ 1970ರಿಂದ ಈಚೆಗೆ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ. ಹುಲ್ಲುಗಾವಲಿನ ಹಕ್ಕಿಗಳಲ್ಲಿ ನಷ್ಟ ನೂರಕ್ಕೆ 53. ಅಲ್ಲಿನ ಹುಲ್ಲುಗಾವಲಿನ ಗುಬ್ಬಿಗಳು ಅಳಿದುಹೋಗಿಲ್ಲ, ಸಂಖ್ಯೆಯಲ್ಲಿ ಕರಗಿವೆ. ಇಂಗ್ಲೆಂಡಿನಲ್ಲಿ ಬಾನಾಡಿಯೆಂದೇ ಕವಿಗಳು ಹಾಡಿದ ಸ್ಕೈಲಾರ್ಕ್ 1970ರ ದಶಕದಿಂದ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಸಣ್ಣ ಬದಲಾವಣೆ: ರೈತರು ವಸಂತದಲ್ಲಿ ಬಿತ್ತುತ್ತಿದ್ದ ಗೋಧಿಯನ್ನು ಅದಕ್ಕೆ ಮೊದಲೇ, ಚಳಿಗಾಲ ಶುರುವಾಗುವ ಮುಂಚೆಯೇ ಬಿತ್ತತೊಡಗಿದ್ದರು. ಹಕ್ಕಿ ಗೂಡು ಮಾಡುವ ಹೊತ್ತಿಗೆ ಪೈರು ದಟ್ಟವಾಗಿ ಎತ್ತರಕ್ಕೆ ನಿಂತಿರುತ್ತಿತ್ತು, ಎರಡನೆಯ ಸಲ ಮರಿ ಮಾಡಲು ಜಾಗವೇ ಇರುತ್ತಿರಲಿಲ್ಲ. ಹೊಲದ ನಡುವೆ ಅಲ್ಲಲ್ಲಿ ಬಿತ್ತದೆ ಬಿಟ್ಟ ಸಣ್ಣ ತುಂಡುಗಳು ಅದಕ್ಕೆ ನೆರವಾದವು.

ನಮ್ಮಲ್ಲಿ? 2023ರ ಆಗಸ್ಟಿನಲ್ಲಿ ಬಂದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಪ್ರಭೇದಗಳನ್ನು ನೋಡಿತು. ಸುಮಾರು 30,000 ಹಕ್ಕಿ ವೀಕ್ಷಕರು ದಾಖಲಿಸಿದ ಪಟ್ಟಿಗಳೇ ಅದರ ಆಧಾರ. ದೀರ್ಘಕಾಲದ ಏರಿಳಿತ ಹೇಳುವಷ್ಟು ಮಾಹಿತಿ ಸಿಕ್ಕಿದ್ದು 338 ಪ್ರಭೇದಗಳಿಗೆ. ಅವುಗಳಲ್ಲಿ ನೂರಕ್ಕೆ 60 ಇಳಿಮುಖ. ಎಲ್ಲೆಂದರಲ್ಲಿ ಹೊಂದಿಕೊಳ್ಳುವ ಹಕ್ಕಿಗಳಿಗಿಂತ ಹುಲ್ಲುಗಾವಲಿನಂಥ ಒಂದೇ ಬಗೆಯ ನೆಲವನ್ನು ನಂಬಿದ ಹಕ್ಕಿಗಳು ಬೇಗ ಇಳಿಯುತ್ತಿವೆ ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಬಯಲಿನ, ಹೊಲದ ಹಕ್ಕಿಯೇ. ಅದರ ಇಳಿಕೆ ಎಷ್ಟಿದೆಯೆಂದರೆ ಕೆಂಪು ಪಟ್ಟಿಯಲ್ಲಿ ಅದರ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕೆಂದು ಆ ವರದಿಯೇ ಸೂಚಿಸಿತು. ದಸರೆಯ ದಿನ ಕಂಡರೆ ಶುಭವೆಂದು ಹಿರಿಯರು ಹುಡುಕುತ್ತಿದ್ದ ಹಕ್ಕಿ ಅದು.

ಈ ಲೆಕ್ಕ ಹಾಕುವ ಬಗೆ ಸರಳ. ಒಂದು ಜಾಗಕ್ಕೆ ಹೋಗಿ, ಕಂಡ ಹಕ್ಕಿಗಳನ್ನೆಲ್ಲ ಬರೆದು, ಇ-ಬರ್ಡ್ ಎಂಬ ಆ್ಯಪಿನಲ್ಲಿ ಸೇರಿಸುತ್ತಾರೆ. ನೂರು ಪಟ್ಟಿಗಳಲ್ಲಿ ಹಿಂದೆ ಎಷ್ಟರಲ್ಲಿ ನೆಲಗುಬ್ಬಿ ಇತ್ತು, ಈಗ ಎಷ್ಟರಲ್ಲಿದೆ ಎಂದು ಹೋಲಿಸಿದರೆ ಏರಿಳಿತ ತಿಳಿಯುತ್ತದೆ. ಆದರೆ ವೀಕ್ಷಕರು ಹೋಗುವುದು ಹೆಚ್ಚಾಗಿ ಕೆರೆಗೆ, ಕಾಡಿಗೆ. ತುಮಕೂರಿನವರಾದರೆ ದೇವರಾಯನದುರ್ಗಕ್ಕೆ. ಬೀಳು ನೆಲಕ್ಕೆ ಬೈನಾಕ್ಯುಲರ್ ಹಿಡಿದು ಹೋಗುವವರು ಕಡಿಮೆ. ಕಳೆದುಹೋಗುವ ಹಕ್ಕಿಯ ಲೆಕ್ಕವೇ ಇಲ್ಲದಿದ್ದರೆ ಅದು ಕಳೆದದ್ದೂ ಗೊತ್ತಾಗುವುದಿಲ್ಲ.

ಹಕ್ಕಿಯ ಲೆಕ್ಕಕ್ಕಿಂತ ದೊಡ್ಡ ತೊಡಕು ನೆಲದ ಲೆಕ್ಕದಲ್ಲಿದೆ. ಹಳೆಯ ಮೈಸೂರು ಸೀಮೆಯಲ್ಲಿ ಹುಲ್ಲುಗಾವಲಿಗೆ ಒಂದು ಕಾಲಕ್ಕೆ ಬಹಳ ಬೆಲೆಯಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳು, ಟಿಪ್ಪು ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದವು. ಸೈನ್ಯದ ಸಾಮಾನು, ಫಿರಂಗಿ ಎಳೆಯುತ್ತಿದ್ದ ಆ ಹೋರಿಗಳಿಗಾಗಿ ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಎಂದು ಕಾವಲುಗಳನ್ನು ಮೀಸಲಿಟ್ಟಿದ್ದರು. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದ ಅವು ಒಟ್ಟು ನಾಲ್ಕು ಲಕ್ಷ ಎಕರೆಗೂ ಮೀರಿದ್ದವು. ದನ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋದಾಗ ಮೊದಲಿನದರ ಹುಲ್ಲಿಗೆ ಚೇತರಿಸಿಕೊಳ್ಳಲು ಸಮಯ ಸಿಗುತ್ತಿತ್ತು. ನೆಲಗುಬ್ಬಿ, ಗೌಜುಗ, ತೋಳ, ಕೃಷ್ಣಮೃಗ ಇವೆಲ್ಲ ಈ ವ್ಯವಸ್ಥೆಯ ನೆರಳಲ್ಲೇ ಬದುಕಿದವು. ಅವುಗಳಿಗಾಗಿ ಯಾರೂ ಏನನ್ನೂ ಮಾಡಿರಲಿಲ್ಲ. ದನಕ್ಕೆಂದು ಕಾದದ್ದು ಅವುಗಳಿಗೂ ಒದಗಿತು.

ಊರೂರಿನ ಗೋಮಾಳವೂ ಇದೇ ಬಗೆಯದು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಬಿಡಬೇಕು. ಆದರೆ ಮನೆಗೆ ಟ್ರ್ಯಾಕ್ಟರು ಬಂದು ಎತ್ತು ಹೋದ ಮೇಲೆ, ಹಳ್ಳಿಯ ಜಾನುವಾರು ಕಡಿಮೆಯಾದ ಮೇಲೆ, ಅದೇ ಲೆಕ್ಕದಲ್ಲಿ ಗೋಮಾಳ ‘ಹೆಚ್ಚುವರಿ’ಯಾಗಿ ಕಾಣುತ್ತದೆ. ಹೆಚ್ಚುವರಿ ಎಂದಾದ ಮೇಲೆ ಅದಕ್ಕೆ ಬೇರೆ ಉಪಯೋಗ ಹುಡುಕುವುದು ಸಹಜ. ಕಡತದಲ್ಲಿ ಬೀಳು, ಖರಾಬು ಎಂದಿರುವ ನೆಲಕ್ಕೂ ಅಷ್ಟೇ. ಕೇಂದ್ರ ಸರ್ಕಾರ 2000ದಿಂದ ಪ್ರಕಟಿಸುತ್ತಿರುವ ಪಾಳುಭೂಮಿ ನಕಾಶೆಗಳಲ್ಲಿ ಕುರುಚಲು ಬಯಲು ಸಹ ಪಾಳುಭೂಮಿಯ ಸಾಲಿನಲ್ಲೇ ಬರುತ್ತದೆ.

ಜಿಲ್ಲೆಯಲ್ಲಿ ಕಣ್ಣಾಡಿಸಿದರೆ ಏನಾಗಿದೆ ಎಂಬುದು ಕಾಣುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆ. ಸತ್ಯಮಂಗಲ, ವಸಂತನರಸಾಪುರಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಪಾವಗಡದಲ್ಲಿ 13,000 ಎಕರೆ ಒಣಭೂಮಿಯ ಮೇಲೆ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಇದೆ. ಹೇಮಾವತಿ ನೀರು ಬಂದ ಕಡೆ ರಾಗಿ, ಹುರುಳಿಯ ಬೆದ್ದಲು ಅಡಿಕೆ ತೋಟವಾಗುತ್ತಿದೆ. ಒಂದೊಂದಕ್ಕೂ ಸರಿಯಾದ ಕಾರಣವಿದೆ. ಉದ್ಯೋಗ ಬೇಕು, ವಿದ್ಯುತ್ತು ಬೇಕು, ಬರಗಾಲ ಕಂಡ ರೈತನಿಗೆ ತೋಟ ಬೇಕು. ಇವುಗಳಲ್ಲಿ ಯಾವುದೊಂದರಿಂದಲೂ ನೆಲಗುಬ್ಬಿ ಅಳಿಯುವುದಿಲ್ಲ. ಆದರೆ ಪ್ರತಿಸಲವೂ ಜಾಗ ಹುಡುಕುವಾಗ ಎಲ್ಲರ ಬೆರಳು ಹೋಗುವುದು ನಕಾಶೆಯ ಒಂದೇ ಬಣ್ಣದ ಕಡೆಗೆ, ಖಾಲಿ ಎಂದು ಬರೆದಿರುವ ಕಡೆಗೆ.

ಮರ ನೆಡುವುದೂ ಇದೇ ಸಾಲಿಗೆ ಸೇರುತ್ತದೆ ಎಂದರೆ ಹಲವರಿಗೆ ಅಚ್ಚರಿಯಾಗಬಹುದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ನೋಡಿ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಆ ಪ್ರದೇಶದ ಬಹುಭಾಗದಲ್ಲಿ ನೀಲಗಿರಿ ನೆಟ್ಟರು. ಮರ ಎದ್ದು ಬಯಲು ಮುಚ್ಚಿತು. ಅಲ್ಲಿದ್ದ ಎರೆಭೂತ ಎಂಬ ದೊಡ್ಡ ಹಕ್ಕಿ ಕಾಣದಂತಾಯಿತು. ಬಯಲಿನ ಹಕ್ಕಿಗೆ ಮರವೆಂದರೆ ಕಾಗೆ, ಗಿಡುಗಗಳಿಗೆ ಕೂತು ನೋಡಲು ಸಿಕ್ಕಿದ ಎತ್ತರ. ಹುಲ್ಲಿಗೆ ಬೀಳುವ ನೆರಳು. ತನ್ನ ಹಾರಾಟಕ್ಕೆ ಅಡ್ಡಿ. ಇಂಗಾಲ ಹಿಡಿದಿಡಲು ಮರ ಬೇಕಲ್ಲವೇ ಎಂದು ಕೇಳುವವರಿಗೂ ಉತ್ತರವಿದೆ. ಹುಲ್ಲುಗಾವಲು ಇಂಗಾಲವನ್ನು ಬೇರಿನಲ್ಲಿ, ಮಣ್ಣಿನಲ್ಲಿ ಇಡುತ್ತದೆ, ಬೆಂಕಿ ಬಿದ್ದರೂ ಅದರಲ್ಲಿ ಬಹುಪಾಲು ಅಲ್ಲೇ ಉಳಿಯುತ್ತದೆ. ಅಂತರ್ಜಲ ಇಳಿಯುತ್ತದೆಂಬ ದೂರಿನ ಮೇಲೆ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಿಷೇಧ ನೀಲಗಿರಿಗೆ ಬಂತು, ಬಯಲಲ್ಲಿ ಗುಂಡಿ ತೋಡುವ ಅಭ್ಯಾಸಕ್ಕಲ್ಲ.

ಊರಂಚಿನಲ್ಲಿ ಇನ್ನೊಂದು ತೊಂದರೆ ಸದ್ದಿಲ್ಲದೆ ಬರುತ್ತದೆ. ಬಯಲಲ್ಲಿ ಕಸ ಸುರಿದರೆ ಅದರ ಹಿಂದೆ ನಾಯಿ, ಕಾಗೆಗಳು ಬರುತ್ತವೆ. ನೆಲದಲ್ಲಿ ತೆರೆದು ಬಿದ್ದ ಗೂಡಿಗೆ ಹಾವು, ಮುಂಗುಸಿಗಳ ಭಯ ಮೊದಲಿನಿಂದಲೂ ಇತ್ತು, ಹಕ್ಕಿ ಅದಕ್ಕೆ ಒಗ್ಗಿತ್ತು. ಕಸದ ರಾಶಿ ಸಾಕಿದ ನಾಯಿಹಿಂಡಿನ ವಿಷಯ ಬೇರೆ. ಹೊಲದಲ್ಲಿ ಕಳೆನಾಶಕ ಹೊಡೆದಾಗ ಬದುವಿನ ಹುಲ್ಲಿನ ಬೀಜವೂ ಹೋಗುತ್ತದೆ, ಆ ಹುಲ್ಲನ್ನು ನಂಬಿದ ಹುಳುವೂ ಹೋಗುತ್ತದೆ.

ಕಾನೂನು ಇಲ್ಲವೇ? ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಕ್ಕಿಯನ್ನು ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ. ಆದರೆ ಅದು ಗೂಡು ಮಾಡುವ ಗೋಮಾಳಕ್ಕೆ ಅದರಿಂದ ರಕ್ಷಣೆ ಸಿಗುವುದಿಲ್ಲ. ನೆಲಕ್ಕೇ ರಕ್ಷಣೆ ಕೊಟ್ಟ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಒಂದಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಸುಮಾರು 798 ಎಕರೆ ಹುಲ್ಲುಗಾವಲು 2007ರಲ್ಲಿ ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು’ ಆಯಿತು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರು ಅದಕ್ಕೆ. ಅಲ್ಲಿನ ವನ್ಯಜೀವಿಗಳನ್ನು ಮೊದಲು ದಾಖಲಿಸಿ ಜನರ ಗಮನಕ್ಕೆ ತಂದವರಲ್ಲಿ ತುಮಕೂರಿನ ನಿಸರ್ಗಾಸಕ್ತರಿದ್ದರು. ಸಂರಕ್ಷಣಾ ಮೀಸಲು ಎಂದರೆ ಅಭಯಾರಣ್ಯದಷ್ಟು ಬಿಗಿಯಿಲ್ಲದ ವ್ಯವಸ್ಥೆ. ಸರ್ಕಾರಿ ನೆಲವನ್ನು ಸುತ್ತಲಿನ ಊರಿನವರೊಡನೆ ಮಾತಾಡಿ ಕಾಯುವ ಏರ್ಪಾಡು. ಕೃಷ್ಣಮೃಗಕ್ಕೆಂದು ಉಳಿದ ಆ ಹುಲ್ಲು ನೆಲದ ಹಕ್ಕಿಗಳಿಗೂ ದಕ್ಕಿತು. ಆದರೆ ಪ್ರತಿ ಊರಿನ ಬಯಲಿಗೂ ಕೃಷ್ಣಮೃಗ ಬಂದು ನಿಲ್ಲುವುದಿಲ್ಲ.

ಆದ್ದರಿಂದ ನೆಲಗುಬ್ಬಿಯಂಥ ಸಾಮಾನ್ಯ ಹಕ್ಕಿಗೆ ಹೊಸ ಅಭಯಾರಣ್ಯ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಪೆಟ್ಟಿಗೆ ಗೂಡೂ ಬೇಡ, ಕಾಳಿನ ತಟ್ಟೆಯೂ ಬೇಡ. ಮಾರ್ಚ್ 20ರ ಗುಬ್ಬಿ ದಿನದಂದು ನಾವು ಮನೆಗುಬ್ಬಿಗೆ ತೋರುವ ಅಕ್ಕರೆ ಒಳ್ಳೆಯದೇ, ಆದರೆ ಅದು ಈ ಹಕ್ಕಿಯನ್ನು ತಲುಪುವುದಿಲ್ಲ. ಇದಕ್ಕೆ ಬೇಕಾದದ್ದು ಬೀಳು ನೆಲ ಖಾಲಿಯಲ್ಲ ಎಂಬ ಒಪ್ಪಿಗೆ, ಮತ್ತು ಅದು ಕಡತಕ್ಕೆ ಹೋಗುವುದು. ಕೈಗಾರಿಕೆಗೆ ಜಾಗ ಗುರುತಿಸುವ ಮೊದಲು ಆ ಬಯಲಲ್ಲಿ ಏನಿದೆ ಎಂದು ನೋಡಬೇಕು, ಇರುವ ಗೋಮಾಳದಲ್ಲಿ ಒಂದು ಪಾಲನ್ನಾದರೂ ಗೋಮಾಳವಾಗಿಯೇ ಬಿಡಬೇಕು, ಹಸಿರು ಮಾಡುವ ಉತ್ಸಾಹದಲ್ಲಿ ಹುಲ್ಲನ್ನು ಅಗೆಯಬಾರದು.

ಇದಕ್ಕೆ ದಾರಿ ನಮ್ಮ ಊರಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲಾತಿ ಪುಸ್ತಕ ಇಡಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ಪುಸ್ತಕ ತೆಗೆಸಿ ನೋಡಿ. ಊರಿನ ಗೋಮಾಳದ ಸರ್ವೆ ನಂಬರಿನ ಮುಂದೆ ನೆಲಗುಬ್ಬಿಯ ಹೆಸರು ಇಲ್ಲದಿದ್ದರೆ ಬರೆಸಿ. ಮುಂದಿನ ಗ್ರಾಮಸಭೆಯಲ್ಲೇ ಕೇಳಿ.